ಶಿವವ್ವನ ಕರುವಿಗೆ ಬಣ್ಣ ಬರಲಿಲ್ಲ

ಬೆಂಗಳೂರು
12 ಜೂನ್ 2002

ಶ್ರೀ ಬೀರಸಿದ್ದಪ್ಪ ಅವರಿಗೆ,
ಪಶುವೈದ್ಯಕೀಯ ಪರೀಕ್ಷಕರು, ಮೂಡಲಗಿ

ಮಾನ್ಯರೇ,

ತಾವು ಕಳಿಸಿದ ಎಪ್ಪತ್ತೆರಡು ಸೀರಮ್ ಸೀಸೆಗಳು ನಮ್ಮ ಪ್ರಯೋಗಾಲಯಕ್ಕೆ ತಲುಪಿವೆ. ಒಂದೂ ಒಡೆದಿಲ್ಲ, ಬರ್ಫವೂ ಪೂರ್ತಿ ಕರಗಿರಲಿಲ್ಲ.

ಒಂದೇ ತೊಂದರೆ. ಸೀಸೆಗಳ ಮೇಲೆ ಸಂಖ್ಯೆ ಇರಬೇಕಿತ್ತು, ತಾವು ಹೆಸರು ಬರೆದಿದ್ದೀರಿ. ‘ಕಲ್ಲೋಳಿ, ಇಂದ್ರವ್ವನ ಎಮ್ಮೆಗರು ಚಂಪಿ.’ ‘ನಾಗನೂರ, ಶಿವವ್ವನ ಜರ್ಸಿ ಕರು ಬೆಳ್ಳಿ.’ ಇಲ್ಲಿನ ಕಂಪ್ಯೂಟರಿಗೆ ಚಂಪಿ ಎಂದರೆ ಯಾರೆಂದು ಗೊತ್ತಾಗುವುದಿಲ್ಲ. ಇವೆಲ್ಲ ರಿಂಡರ್‌ಪೆಸ್ಟ್ ಲಸಿಕೆ ನಿಲ್ಲಿಸಿದ ಮೇಲೆ ಹುಟ್ಟಿದ ಕರುಗಳೇ ಎಂದು ಖಚಿತಪಡಿಸಬೇಕು. ಆ ರೋಗ ನಮ್ಮ ಸೀಮೆಯಿಂದ ಹೋಗಿದೆಯೋ, ಎಲ್ಲಾದರೂ ಅಡಗಿದೆಯೋ ಎಂಬುದನ್ನು ಇಂಥ ಕರುಗಳ ರಕ್ತವೇ ಹೇಳಬೇಕಾಗಿದೆ. ಮುಂದಿನ ಸಲ ದಯವಿಟ್ಟು ಸಂಖ್ಯೆ ಹಾಕಿ.

ಇತಿ,
ಶುಭಾಂಗಿ ಪಾ. ಮಗದುಮ್
ಸಂಶೋಧನಾ ಸಹಾಯಕಿ

ಮೂಡಲಗಿ
20 ಜೂನ್ 2002

ಕುಮಾರಿ ಶುಭಾಂಗಿ ಅವರಿಗೆ ನಮಸ್ಕಾರಗಳು.

ತಪ್ಪಾಯಿತು. ಮೂವತ್ತೈದು ವರ್ಷದ ಸರ್ವಿಸಿನಲ್ಲಿ ಹೆಸರು ಬರೆಯದೆ ಯಾವ ದನಕ್ಕೂ ಸೂಜಿ ಹಾಕಿದವನಲ್ಲ ನಾನು. ನಾವು ಕುರಿ ಕಾಯುವ ಮನೆತನದವರು. ಕುರಿಯನ್ನು ಎಣಿಸಬಾರದು, ಎಣಿಸಿದರೆ ಕಡಿಮೆಯಾಗುತ್ತವೆ ಎಂದು ನಮ್ಮವ್ವ ಹೇಳುತ್ತಿದ್ದಳು. ನೂರಿಪ್ಪತ್ತು ಕುರಿಗಳನ್ನು ಮುಖ ನೋಡಿಯೇ ಗುರುತು ಹಿಡಿಯುತ್ತಿದ್ದಳು. ಆ ಚಾಳಿ ನನಗೂ ಬಂದಿದೆ.

ವಯಸ್ಸಿನ ಬಗ್ಗೆ ಅನುಮಾನ ಬೇಡ. ಎಲ್ಲ ಕರುಗಳ ಹಲ್ಲು ನಾನೇ ನೋಡಿದ್ದೇನೆ.

ನಿಮ್ಮ ಅಡ್ಡಹೆಸರು ನಮ್ಮ ಕಡೆಯದು. ಯಾವ ಊರು? ಮುಂದಿನ ಮೇ ತಿಂಗಳಲ್ಲಿ ನನಗೆ ನಿವೃತ್ತಿ. ಅದರೊಳಗೆ ಈ ಕೆಲಸವೊಂದು ಚೊಕ್ಕಟವಾಗಿ ಮುಗಿದರೆ ಸಾಕು.

ಬೀರಸಿದ್ದಪ್ಪ

ಬೆಂಗಳೂರು
8 ಜುಲೈ 2002

ಶ್ರೀ ಬೀರಸಿದ್ದಪ್ಪ ಅವರಿಗೆ,

ನನ್ನ ಊರು ಹುಕ್ಕೇರಿ. ಅಪ್ಪ ಪಾಯಪ್ಪ ಮಗದುಮ್, ಕಬ್ಬು ಮತ್ತು ಅರಿಷಿಣ ಬೆಳೆಯುತ್ತಾರೆ. ನಿಮ್ಮ ಸೀಸೆಗಳಿಗೆ ನಾನೇ ಸಂಖ್ಯೆ ಅಂಟಿಸಿದೆ. ಹೆಸರು ಅಳಿಸಲು ಮನಸ್ಸಾಗದೆ ಹಾಗೇ ಬಿಟ್ಟೆ.

ಪರೀಕ್ಷೆ ಮುಗಿಯಿತು. ಎಪ್ಪತ್ತೊಂದು ಸೀರಮ್‌ಗಳಿಗೆ ಚೆನ್ನಾಗಿ ಕಿತ್ತಳೆ ಬಣ್ಣ ಬಂದಿದೆ. ಶಿವವ್ವನ ಕರು ಬೆಳ್ಳಿಗೆ ಮಾತ್ರ ಬಣ್ಣ ಬರಲಿಲ್ಲ. ಮೂರು ಸಲ ಮಾಡಿ ನೋಡಿದೆ, ಮೂರು ಸಲವೂ ಪರೀಕ್ಷೆಯ ಪ್ಲೇಟಿನಲ್ಲಿ ಅದರ ಕುಳಿ ನೀರಿನಂತೆ ತಿಳಿಯಾಗಿಯೇ ಉಳಿಯಿತು. ಆ ಕರುವಿನ ಪೂರ್ತಿ ಇತಿಹಾಸ ಬೇಕು. ಆದಷ್ಟು ಬೇಗ ಬರೆಯಿರಿ.

ಶುಭಾಂಗಿ

ಮೂಡಲಗಿ
15 ಜುಲೈ 2002

ಕುಮಾರಿ ಶುಭಾಂಗಿ ಅವರಿಗೆ,

ನಿಮ್ಮ ಪತ್ರ ಓದಿದೆ. ಎಪ್ಪತ್ತೊಂದು ಕರುಗಳಿಗೆ ಬಣ್ಣ, ಒಂದೇ ಪಾರು ಎಂದರೆ ಊರೂರೇ ಹೋದಂತೆ. ಯಾರಿಗೂ ಹೇಳದೆ ಬಸ್ಸು ಹತ್ತಿದೆ. ಮೂರು ದಿನ ಮೂಡಲಗಿ, ಕಲ್ಲೋಳಿ, ನಾಗನೂರ ತಿರುಗಿ ಎಪ್ಪತ್ತೊಂದು ಕರುಗಳ ಬಾಯಿ ತೆರೆದು ನೋಡಿದೆ. ಒಸಡು ಒತ್ತಿದೆ, ನಾಲಗೆ ಎತ್ತಿದೆ, ಕಣ್ಣಿನ ರೆಪ್ಪೆ ಬಿಡಿಸಿದೆ. ಒಂದರಲ್ಲೂ ಹುಣ್ಣಿಲ್ಲ. ಇಂದ್ರವ್ವ ನಕ್ಕು, “ಯಾಕ್ರಿ ಡಾಕ್ಟರ್ರ, ನಮ್ಮ ಚಂಪಿಗೆ ಹಲ್ಲಿನ ಸೆಟ್ ಕಟ್ಟಸವ್ರದೀರೇನ್?” ಎಂದಳು. ನನಗೆ ನಗಲಾಗಲಿಲ್ಲ.

ಆ ರಿಂಡರ್‌ಪೆಸ್ಟ್ ಬ್ಯಾನಿಯನ್ನು ನೀವು ನೋಡಿಲ್ಲ. ನಾವು ಅದನ್ನು ದೊಡ್ಡಬ್ಯಾನಿ ಎನ್ನುತ್ತೇವೆ. ನನಗೆ ಹದಿನಾಲ್ಕು ವರ್ಷವಿದ್ದಾಗ ನಮ್ಮ ಹಟ್ಟಿಯಲ್ಲಿ ಒಂಬತ್ತು ದಿನಕ್ಕೆ ಹನ್ನೊಂದು ದನ ಹೋದವು. ಬಾಯೊಳಗೆ ತೌಡು ಉದುರಿಸಿದಂತೆ ಆಗುತ್ತದೆ. ದನ ಅಳುತ್ತದೆ, ಖರೆ ಹೇಳುತ್ತೇನೆ, ಕಣ್ಣಿಂದ ನೀರು ನಿಲ್ಲುವುದೇ ಇಲ್ಲ. ನಮ್ಮವ್ವ ಯಲ್ಲಕ್ಕ ಸೆರಗಿನಿಂದ ಎತ್ತಿನ ಕಣ್ಣು ಒರೆಸುತ್ತಾ ಕೂತಿದ್ದಳು. ಎತ್ತು ಹೋದ ಮೇಲೂ ಒರೆಸುತ್ತಿದ್ದಳು. ನಾನು ಈ ಕೆಲಸಕ್ಕೆ ಸೇರಿದ್ದೇ ಅದರಿಂದ.

ದಯವಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿರಿ. ಆ ಎಪ್ಪತ್ತೊಂದಕ್ಕೆ ಏನಾಗಿದೆ ಹೇಳಿರಿ.

ಬೀರಸಿದ್ದಪ್ಪ

ಬೆಂಗಳೂರು
24 ಜುಲೈ 2002

ಬೀರಸಿದ್ದಪ್ಪನವರೇ,

ನನ್ನಿಂದ ದೊಡ್ಡ ತಪ್ಪಾಗಿದೆ. ನಿಮ್ಮನ್ನು ಮೂರು ದಿನ ಅಲೆಸಿದೆ. ಈ ಪರೀಕ್ಷೆಯಲ್ಲಿ ಬಣ್ಣ ಬಂದರೆ ಒಳ್ಳೆಯದು. ಆ ಎಪ್ಪತ್ತೊಂದೂ ಚೆನ್ನಾಗಿವೆ.

ನಾನು ಇದನ್ನು ಮೊದಲೇ ವಿವರಿಸಬೇಕಿತ್ತು. ಈ ಪ್ಲೇಟಿನಲ್ಲಿ ತೊಂಬತ್ತಾರು ಪುಟ್ಟ ಕುಳಿಗಳಿವೆ. ಪ್ರತಿ ಕುಳಿಯ ತಳದಲ್ಲಿ ಸತ್ತ ರೋಗಾಣುವಿನ ತುಣುಕುಗಳನ್ನು ಅಂಟಿಸಿರುತ್ತೇವೆ. ಅವನ್ನು ಪಂಕ್ತಿಗೆ ಹಾಕಿದ ಎಲೆಗಳು ಎಂದುಕೊಳ್ಳಿ. ಅದರೊಳಗೆ ಕರುವಿನ ಸೀರಮ್ ಬಿಡುತ್ತೇವೆ, ಜೊತೆಗೆ ಅದೇ ರೋಗಾಣುವನ್ನು ಹಿಡಿಯುವಂತೆ ಇಲಿಯಿಂದ ತಯಾರಿಸಿದ ಪ್ರತಿಕಾಯವನ್ನೂ ಬಿಡುತ್ತೇವೆ. ಕರುವಿನ ರಕ್ತಕ್ಕೆ ಆ ರೋಗದ ಪರಿಚಯ ಇದ್ದರೆ, ಅದರಲ್ಲಿರುವ ಪ್ರತಿಕಾಯಗಳೇ ಎಲೆ ಹಿಡಿದು ಕೂತುಬಿಡುತ್ತವೆ, ಇಲಿಯ ಕಡೆಯವರಿಗೆ ಜಾಗ ಸಿಗುವುದಿಲ್ಲ. ಪರಿಚಯ ಇಲ್ಲದಿದ್ದರೆ ಪಂಕ್ತಿಯೆಲ್ಲ ಇಲಿಯ ಕಡೆಯವರದೇ. ಆಮೇಲೆ ತೊಳೆಯುತ್ತೇವೆ. ಕೂತವರು ಕೂತೇ ಇರುತ್ತಾರೆ, ಆದರೆ ಯಾರು ಕೂತಿದ್ದಾರೆಂದು ಜಗತ್ತಿನ ಯಾವ ಕಣ್ಣಿಗೂ ಕಾಣುವುದಿಲ್ಲ.

ಆಗ ಬರುವುದು ಎರಡನೆಯ ಪ್ರತಿಕಾಯ. ಅದು ಮೊಲದ ರಕ್ತದಿಂದ ತೆಗೆದದ್ದು. ಅದಕ್ಕೆ ರೋಗ ಗೊತ್ತಿಲ್ಲ, ದನವೂ ಗೊತ್ತಿಲ್ಲ. ಇಲಿಯ ಪ್ರತಿಕಾಯವೊಂದನ್ನೇ ಅದು ಗುರುತು ಹಿಡಿಯುವುದು. ಅದರ ಬೆನ್ನಿಗೆ ಒಂದು ಕಿಣ್ವವನ್ನು ಕಟ್ಟಿ ಕಳಿಸಿರುತ್ತಾರೆ. ಕೊನೆಗೆ ಒಂದು ದ್ರಾವಣ ಹಾಕಿದರೆ, ಕಿಣ್ವ ಎಲ್ಲಿ ಕೂತಿದೆಯೋ ಅಲ್ಲಿ ಬಣ್ಣ ಏಳುತ್ತದೆ. ಎರಡು ವರ್ಷದಿಂದ ದಿನವೂ ನೋಡುತ್ತಿದ್ದೇನೆ. ಆ ಬಣ್ಣ ಏಳುವ ಹತ್ತು ನಿಮಿಷ ಈಗಲೂ ನನಗೆ ಬೇರೆ ಏನೂ ಕೇಳಿಸುವುದಿಲ್ಲ. ಆ ಕಿಣ್ವ ಬರುವುದು ಮೂಲಂಗಿಯಂಥ ಒಂದು ಗಡ್ಡೆಯಿಂದ. ನಾವು ಜೈನರು, ನಮ್ಮಜ್ಜಿ ಲಕ್ಷ್ಮೀಬಾಯಿ ಜನ್ಮದಲ್ಲಿ ಗಡ್ಡೆ ಮುಟ್ಟಿದವಳಲ್ಲ. ಪ್ರತಿ ಸಲ ಊರಿಗೆ ಹೋದಾಗ “ಯಾವ ಜೀವಕ್ಕ ಸೂಜಿ ಚುಚ್ಚಿ ಬಂದೀ?” ಎಂದು ಕೇಳುತ್ತಾಳೆ. ಇಲಿ, ಮೊಲ, ಗಡ್ಡೆ ಯಾವುದನ್ನೂ ಅವಳಿಗೆ ಇನ್ನೂ ಹೇಳಿಲ್ಲ.

ಈಗ ಬೆಳ್ಳಿಯ ಮಾತು. ಅದರ ಕುಳಿಗೆ ಬಣ್ಣ ಬರಲಿಲ್ಲ ಎಂದರೆ ಅದರ ರಕ್ತಕ್ಕೆ ದೊಡ್ಡಬ್ಯಾನಿಯ ಪರಿಚಯ ಇದೆ. ಲಸಿಕೆ ನಿಂತು ಎರಡು ವರ್ಷವಾಯಿತು, ಕರುವಿಗೆ ಇನ್ನೂ ಎರಡು ತುಂಬಿಲ್ಲ. ಹಾಗಾದರೆ ಪರಿಚಯ ಎಲ್ಲಿಂದ ಬಂತು? ರೋಗಾಣು ನಾಗನೂರಿನಲ್ಲಿ ಉಳಿದಿದ್ದರೆ ಇಡೀ ಜಿಲ್ಲೆಯ ಮೇಲೆ ಕಣ್ಣು ಬೀಳುತ್ತದೆ, ಮತ್ತೆ ಮೊದಲಿನಿಂದ ಎಲ್ಲವೂ ಶುರು. ಅಕ್ಟೋಬರ್ ಕೊನೆಗೆ ವರದಿ ಹೋಗಬೇಕು. ಬೆಳ್ಳಿಯ ರಕ್ತ ಇನ್ನೊಮ್ಮೆ ತೆಗೆದು ಕಳಿಸಿ. ಅದಕ್ಕೆ ಯಾರಾದರೂ ಏನಾದರೂ ಹಾಕಿದ್ದರೆ ತಿಳಿಸಿ.

ಶುಭಾಂಗಿ

ಮೂಡಲಗಿ
29 ಆಗಸ್ಟ್ 2002

ಸಂಶೋಧನಾ ಸಹಾಯಕಿಯವರಿಗೆ,

ತಾವು ಕೇಳಿದಂತೆ ನಾಗನೂರ ಗ್ರಾಮದ ಕರುವಿನ ಸೀರಮ್ ಇದರೊಂದಿಗೆ ಕಳಿಸಿದೆ. ಸಂಖ್ಯೆ 73. ಕರುವಿಗೆ ಯಾವುದೇ ಲಸಿಕೆ ಹಾಕಿರುವುದು ಕಂಡುಬಂದಿಲ್ಲ.

ಬೀರಸಿದ್ದಪ್ಪ
ಪಶುವೈದ್ಯಕೀಯ ಪರೀಕ್ಷಕ

22 ಸೆಪ್ಟೆಂಬರ್ 2002

ಕ್ಷಮಾವಾಣಿ

ಕಳೆದ ಒಂದು ವರ್ಷದಲ್ಲಿ ಮನಸ್ಸಿನಿಂದ, ಮಾತಿನಿಂದ, ಕಾಯದಿಂದ, ತಿಳಿದೋ ತಿಳಿಯದೆಯೋ ನನ್ನಿಂದ ತಮಗೆ ನೋವಾಗಿದ್ದರೆ ಕೈಮುಗಿದು ಕ್ಷಮೆ ಬೇಡುತ್ತೇನೆ.

ಉತ್ತಮ ಕ್ಷಮಾ.

ಶುಭಾಂಗಿ ಪಾಯಪ್ಪ ಮಗದುಮ್

ಮೂಡಲಗಿ
30 ಸೆಪ್ಟೆಂಬರ್ 2002

ತಂಗಿ ಶುಭಾಂಗಿಗೆ,

ನಿಮ್ಮ ಕಾರ್ಡು ಬಂತು. ಪೋಸ್ಟ್‌ಮನ್ ಕೈಯಿಂದ ತೆಗೆದುಕೊಂಡು ನಿಂತಲ್ಲೇ ಓದಿದೆ. ನಿಮಗೆ ಎಲ್ಲ ಗೊತ್ತಾಗಿದೆ. ಗೊತ್ತಿದ್ದೂ ನನ್ನನ್ನು ಬೈಯದೆ ನೀವೇ ಕೈಮುಗಿದು ಕ್ಷಮೆ ಕೇಳಿದ್ದೀರಿ. ಇದಕ್ಕಿಂತ ಚಪ್ಪಲಿಯಿಂದ ಹೊಡೆದಿದ್ದರೆ ಸುಲಭವಿತ್ತು. ನಾಲ್ಕು ದಿನ ಕಾರ್ಡನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ತಿರುಗಿದೆ. ಇನ್ನು ಆಗುವುದಿಲ್ಲ.

ಆಗಸ್ಟಿನಲ್ಲಿ ಕಳಿಸಿದ ರಕ್ತ ಬೆಳ್ಳಿಯದಲ್ಲ. ಬೇರೆ ಓಣಿಯ ಕರುವಿನದು. ಅದರ ಮೇಲೆ ಬೆಳ್ಳಿ ಎಂದು ಬರೆಯಲು ಕೈ ಬರಲಿಲ್ಲ, ಅದಕ್ಕೇ ಸಂಖ್ಯೆ ಹಾಕಿದೆ.

ಲಸಿಕೆ ನಿಲ್ಲಿಸಿ, ಉಳಿದ ಸೀಸೆಗಳನ್ನು ನಾಶ ಮಾಡಿ ಎಂದು ಆದೇಶ ಬಂದಾಗ ಎಲ್ಲವನ್ನೂ ಮಾಡಿದೆ. ಒಂದು ಸೀಸೆ ಇಟ್ಟುಕೊಂಡೆ. ಘಟಪ್ರಭಾದಲ್ಲಿ ನನ್ನ ಗೆಳೆಯನ ಕುಲ್ಫಿ ಅಂಗಡಿಯಿದೆ. ಅವನ ಫ್ರೀಜರಿನ ತಳದಲ್ಲಿ ಒಂದು ವರ್ಷ ಇಟ್ಟೆ. ಏನೆಂದು ಅವನೂ ಕೇಳಲಿಲ್ಲ. ದೊಡ್ಡಬ್ಯಾನಿ ಹೋಗಿದೆ ಎಂದು ಕಾಗದದಲ್ಲಿ ಬರೆದ ಮಾತ್ರಕ್ಕೆ ಅದು ಹೋಗುತ್ತದೆಯೇ? ನಾನು ನಂಬಲಿಲ್ಲ. ಕಳೆದ ವರ್ಷ ಕಾರಹುಣ್ಣಿಮೆಯ ಮರುದಿನ ನಾಗನೂರಿಗೆ ಹೋದೆ. ಹಬ್ಬಕ್ಕೆ ಮೈತೊಳೆದ ಕರುಗಳು ಒಂದೇ ಓಣಿಯಲ್ಲಿ ಸಾಲಾಗಿ ಕಟ್ಟಿದ್ದವು. ಸೀಸೆ ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ಅಷ್ಟರಲ್ಲಿ ನಲವತ್ತೊಂದು ಕರು ಸಿಕ್ಕವು. ಬಲ ಬರುವ ಸೂಜಿ ಎಂದು ಸುಳ್ಳು ಹೇಳಿದೆ.

ನಿಮಗೆ ರಕ್ತ ಕಳಿಸುವಾಗ ಆ ಓಣಿಯನ್ನು ಬಿಟ್ಟಿದ್ದೆ. ಶಿವವ್ವ ತಾನಾಗಿ ಬೆಳ್ಳಿಯನ್ನು ಎಳೆದುಕೊಂಡು ಬಂದು, “ಎಲ್ಲಾರ ಕರುವಿನ ರಕ್ತಾ ಬೆಂಗಳೂರಿಗೆ ಹೊಂಟೈತಿ, ನನ್ನ ಕರಾ ಏನ್ ಪಾಪ ಮಾಡೈತ್ರಿ?” ಎಂದಳು. ನಾಲ್ಕು ಜನರೆದುರು ಬೇಡ ಎನ್ನಲಾಗಲಿಲ್ಲ. ದಿನಕ್ಕೆ ಆರು ಸಲ ಕರೆಂಟು ಹೋಗುವ ಊರಿನ ಫ್ರೀಜರು, ಆ ಲಸಿಕೆ ಎಂದೋ ಸತ್ತಿರುತ್ತದೆ ಎಂದುಕೊಂಡೆ. ಅದು ಬದುಕಿತ್ತು. ಶಿವವ್ವನಿಗೆ ಗೊತ್ತಿಲ್ಲದ್ದು, ನನಗೇ ಗೊತ್ತಿಲ್ಲದ್ದು ನಿಮ್ಮ ಆ ಕುಳಿಗೆ ಗೊತ್ತಾಯಿತು.

ಸೂಜಿ ಹಾಕಿದ ಆ ಕರುಗಳ ಹೆಸರಿನ ಪಟ್ಟಿ ಇದರೊಳಗೆ ಇಟ್ಟಿದ್ದೇನೆ. ಎಂಟು ತಿಂಗಳ ಸರ್ವಿಸು ಉಳಿದಿದೆ. ಪಿಂಚಣಿ ಹೋದರೂ ಹೋಗಲಿ. ಪತ್ರವನ್ನು ನಿಮ್ಮ ಸಾಹೇಬರಿಗೆ ತೋರಿಸಿರಿ.

ಬೀರಸಿದ್ದಪ್ಪ

ಬೆಂಗಳೂರು
4 ನವೆಂಬರ್ 2002

ಬೀರಸಿದ್ದಪ್ಪ ಕಾಕಾ ಅವರಿಗೆ,

ಮೊದಲು ಆ ಕಾರ್ಡಿನ ಮಾತು. ನಮ್ಮಲ್ಲಿ ಪರ್ವ ಮುಗಿದ ಮೇಲೆ ಗುರುತಿದ್ದವರಿಗೆಲ್ಲ ಅದನ್ನು ಕಳಿಸುವುದು ಪದ್ಧತಿ. ಅಪ್ಪ ಹುಕ್ಕೇರಿಯಲ್ಲಿ ಅಚ್ಚು ಹಾಕಿಸುತ್ತಾರೆ. ಈ ವರ್ಷ ನಾನು ಅರವತ್ತು ಕಳಿಸಿದೆ, ನಮ್ಮ ಮನೆಯ ಓನರಿಗೂ ಒಂದು. ಅದರಲ್ಲಿ ಬೇರೆ ಅರ್ಥ ಇರಲಿಲ್ಲ ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ. 73ನೇ ಸೀಸೆಗೆ ಬಣ್ಣ ಬಂದಿತ್ತು. ಜೂನಿನಲ್ಲಿ ಅಷ್ಟು ಗಟ್ಟಿಯಾಗಿದ್ದ ಪ್ರತಿಕಾಯ ಆಗಸ್ಟಿಗೆ ಎಲ್ಲಿ ಹೋಗುತ್ತದೆ? ಅದು ಬೆಳ್ಳಿಯದಲ್ಲ ಎಂದು ನನಗೆ ಗೊತ್ತಾಗಿತ್ತು. ನಿಮ್ಮನ್ನು ಕೇಳುವ ಧೈರ್ಯ ಆಗಲಿಲ್ಲ, ಸಾಹೇಬರಿಗೆ ಹೇಳುವ ಮನಸ್ಸೂ ಆಗಲಿಲ್ಲ. ಮೂರು ವಾರ ಸುಮ್ಮನಿದ್ದೆ. ಕಾರ್ಡಿನ ಮೇಲೆ ನಿಮ್ಮ ವಿಳಾಸ ಬರೆಯುವಾಗ ಕೈ ನಿಂತಿದ್ದು ನಿಜ.

ನಿಮ್ಮ ಪತ್ರವನ್ನು ಸಾಹೇಬರಿಗೆ ಕೊಟ್ಟೆ. ಅವರು ಎರಡು ಸಲ ಓದಿದರು. ಆಮೇಲೆ, ವರದಿಯನ್ನು ತಡೆದು ಬೇರೆ ತಂಡ ಕಳಿಸಿದರು. ಆ ಓಣಿಯ ನೂರಿಪ್ಪತ್ತು ದನಗಳ ರಕ್ತ ಬಂತು. ಪಟ್ಟಿಯ ಕರುಗಳನ್ನು ಒಂದು ಪ್ಲೇಟಿನಲ್ಲಿ ಸಾಲಾಗಿ ಹಾಕಿದೆ. ಕಾಕಾ, ಅದನ್ನು ಹೇಗೆ ಬರೆಯಲಿ? ನೀವು ಹದಿನಾರು ತಿಂಗಳ ಹಿಂದೆ ನಡೆದ ದಾರಿ ಹಾಗೇ ಕಂಡಿತು. ನಿಮ್ಮ ಹೆಸರುಗಳೆಲ್ಲ ತಿಳಿಯಾಗಿ, ಲಸಿಕೆ ನಿಂತ ಮೇಲೆ ಹುಟ್ಟಿದ ಉಳಿದ ಕರುಗಳೆಲ್ಲ ಕಿತ್ತಳೆಯಾಗಿ. ನಾನು ಕುರ್ಚಿ ಬಿಟ್ಟು ಎದ್ದು ನಿಂತುಬಿಟ್ಟೆ.

ಆದರೆ ನಲವತ್ತೊಂದರಲ್ಲಿ ನಲವತ್ತೇ ತಿಳಿ. ಮೂವತ್ತೇಳನೆಯದು, ‘ಹೊಳೆಪ್ಪನ ಹೋರಿಗರು’, ಕಿತ್ತಳೆ ಬಂದಿದೆ. ಒಂದು ಹೆಸರು ಸುಳ್ಳಾದರೆ ಉಳಿದವನ್ನು ಹೇಗೆ ನಂಬುವುದು ಎಂದು ಸಾಹೇಬರು ಕೇಳುತ್ತಿದ್ದಾರೆ. ಲಸಿಕೆಯ ಗುರುತು, ರೋಗದ ಗುರುತು ಈ ಪರೀಕ್ಷೆಯಲ್ಲಿ ಒಂದೇ ರೀತಿ ಕಾಣುತ್ತದೆ. ಪಟ್ಟಿ ಬಿದ್ದರೆ, ಆ ನಲವತ್ತಕ್ಕೂ ರೋಗವೇ ತಗುಲಿತ್ತು ಎಂದು ಬರೆಯಬೇಕಾಗುತ್ತದೆ. ಹೊಳೆಪ್ಪನ ಕರುವಿನದು ಏನು? ಮರುಟಪಾಲಿಗೆ ಬರೆಯಿರಿ.

ಶುಭಾಂಗಿ

ಮೂಡಲಗಿ
9 ನವೆಂಬರ್ 2002

ತಂಗಿ ಶುಭಾಂಗಿಗೆ,

ಆ ಹೋರಿ ನನ್ನ ಮೊಳಕಾಲಿಗೆ ಒದ್ದು ಹಗ್ಗ ಹರಿದುಕೊಂಡು ಓಡಿತು. ಸೂಜಿಯಲ್ಲಿದ್ದ ಮದ್ದು ಮಣ್ಣಿಗೆ ಬಿತ್ತು. ನಾನು ಕುಂಟುತ್ತಾ ನಿಂತಿದ್ದಾಗ ಹೊಳೆಪ್ಪ ಒಳಗಿಂದ ಬಂದು, “ನಂದೂ ಆತಲ್ರಿ ಡಾಕ್ಟರ್ರ?” ಎಂದ. ಓಣಿಯ ಹೆಂಗಸರು ನಗುತ್ತಿದ್ದರು. “ಆತು ಹೊಳೆಪ್ಪ, ಆತು” ಎಂದೆ. ಹೆಸರೂ ಬರೆದೆ. ಸೂಜಿ ಹಾಕದೆ ಹೆಸರು ಬರೆದದ್ದು ನನ್ನ ಸರ್ವಿಸಿನಲ್ಲಿ ಅದೊಂದೇ.

ಇದನ್ನು ನಾನು ಹೆಂಡತಿಗೂ ಹೇಳಿರಲಿಲ್ಲ. ನನಗೇ ಮರೆತುಹೋಗಿತ್ತು. ನೀವು ಮೂವತ್ತೇಳನೆಯದು ಎಂದು ಬರೆದದ್ದನ್ನು ಓದಿ ಮೊಳಕಾಲು ಮತ್ತೆ ನೋಯಿತು. ಒಂದು ಹನಿ ರಕ್ತಕ್ಕೆ ಇಷ್ಟೆಲ್ಲ ಗೊತ್ತಿರುತ್ತದೆಯೇ? ದೇವರ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಂಡವರನ್ನು ನೋಡಿದ್ದೇನೆ. ನಿಮ್ಮ ಮೊಲದ ಮುಂದೆ ಆಗುವುದಿಲ್ಲ.

ಪಟ್ಟಿ ಕೆಟ್ಟಿತು. ನನ್ನ ಗತಿ ಏನಾದರೂ ಆಗಲಿ, ಆ ಕರುಗಳಿಗೆ ಏನೂ ಆಗದಂತೆ ನೋಡಿಕೊಳ್ಳಿರಿ.

ಬೀರಸಿದ್ದಪ್ಪ

ಬೆಂಗಳೂರು
25 ನವೆಂಬರ್ 2002

ಕಾಕಾ,

ಪಟ್ಟಿ ಕೆಡಲಿಲ್ಲ. ಉಳಿಸಿದ್ದೇ ಆ ಹೋರಿ.

ನಿಮ್ಮ ಪತ್ರ ಓದಿ ಸಾಹೇಬರು ಕೇಳಿದರು, ಹೊಳೆಪ್ಪನ ಕರು ಎಲ್ಲಿ ಕಟ್ಟುತ್ತಾರೆ, ಎಲ್ಲಿ ನೀರು ಕುಡಿಯುತ್ತದೆ? ತಂಡದವರು ಮತ್ತೆ ಹೋಗಿ ನೋಡಿ ಬಂದರು. ಅದು ಪಟ್ಟಿಯ ಆರು ಕರುಗಳ ಜೊತೆ ಒಂದೇ ಕೊಟ್ಟಿಗೆಯಲ್ಲಿ, ಒಂದೇ ಬಾನಿಯಲ್ಲಿ ಹದಿನಾರು ತಿಂಗಳು ನೀರು ಕುಡಿದಿದೆ. ಆ ಆರಕ್ಕೆ ರೋಗ ಬಂದಿದ್ದರೆ ಇದೊಂದು ಹೇಗೆ ಉಳಿಯುತ್ತಿತ್ತು? ದೊಡ್ಡಬ್ಯಾನಿ ಒಂದನ್ನು ಬಿಟ್ಟು ಆರನ್ನು ಹಿಡಿಯುವ ರೋಗವಲ್ಲ. ನೀವೇ ಬರೆದಿದ್ದೀರಿ, ಒಂಬತ್ತು ದಿನಕ್ಕೆ ಹನ್ನೊಂದು. ನಲವತ್ತಕ್ಕೂ ತಗುಲಿದ್ದು ಸೂಜಿಯೇ, ರೋಗವಲ್ಲ. ವರದಿಯಲ್ಲಿ ಹಾಗೇ ಬರೆದು ಕಳಿಸಿದೆವು. ಜಿಲ್ಲೆಯ ಹೆಸರು ಶುದ್ಧವಾಗಿ ಉಳಿಯಿತು.

ನಿಮ್ಮ ಮೇಲೆ ವಿಚಾರಣೆ ತಪ್ಪುವುದಿಲ್ಲ. ಅದನ್ನು ತಪ್ಪಿಸಲು ನನ್ನಿಂದ ಆಗಲಿಲ್ಲ. ಈ ಸಲ ಅಚ್ಚಿನ ಕಾರ್ಡಿನಲ್ಲಿ ಅಲ್ಲ, ನನ್ನ ಕೈಯಿಂದಲೇ ಬರೆಯುತ್ತಿದ್ದೇನೆ. ಕ್ಷಮಿಸಿ.

ಶುಭಾಂಗಿ

ಮೂಡಲಗಿ
5 ಅಕ್ಟೋಬರ್ 2003

ಚಿರಂಜೀವಿ ಶುಭಾಂಗಿಗೆ ನಿನ್ನ ಕಾಕಾನ ಆಶೀರ್ವಾದಗಳು.

ವಿಚಾರಣೆ ಗೋಕಾಕದಲ್ಲಿ ಆಯಿತೆಂದು ಹಿಂದೆಯೇ ಬರೆದಿದ್ದೆ. ಲಿಖಿತ ಛೀಮಾರಿ ಕೊಟ್ಟು ಬಿಟ್ಟರು. ನಿವೃತ್ತಿಯ ದಿನ ಹಾರ ಹಾಕಲಿಲ್ಲ, ಚಹಾ ಕೊಟ್ಟರು. ಅದು ನ್ಯಾಯವೇ.

ಕಳೆದ ತಿಂಗಳು ನಿನ್ನ ಲ್ಯಾಬಿಗೆ ಬಂದಾಗ ನಾನು ಚಹಾಕ್ಕೂ ನಿಲ್ಲದೆ ಬಸ್ಸು ಹತ್ತಿಬಿಟ್ಟೆ. ನೀನು ಬೇಜಾರು ಮಾಡಿಕೊಂಡಿರಬಹುದು. ಅಂದು ಕಂಡದ್ದನ್ನು ಈಗ ಬರೆಯುತ್ತೇನೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಈ ವರ್ಷದ ಕರುಗಳು ಎಂದು ಹೇಳಿ ನೀನು ಒಂದು ಪ್ಲೇಟನ್ನು ನನ್ನ ಮುಂದೆ ಇಟ್ಟೆ. ಮೊದಲು ಎಲ್ಲ ಬರೀ ನೀರು. ಆಮೇಲೆ ಮೂಲೆಯ ಒಂದು ಕುಳಿಯಲ್ಲಿ ತುಸು ಹಳದಿ, ಪಕ್ಕದಲ್ಲಿ ಇನ್ನೊಂದು, ನೋಡುತ್ತಿದ್ದಂತೆ ಸಾಲು ಸಾಲೇ ಎದ್ದವು. ನೀನು ಅದೇನೋ ಆಮ್ಲ ಬಿಟ್ಟಾಗ ಎಲ್ಲವೂ ಹಣ್ಣು ಕಿತ್ತಳೆ. ನೀನು ತಾಳೆ ನೋಡಲು ಇಟ್ಟಿದ್ದ ಕುಳಿಗಳನ್ನು ಬಿಟ್ಟರೆ ನಮ್ಮ ಕಡೆಯದು ಒಂದೂ ತಿಳಿಯಾಗಿ ಉಳಿಯಲಿಲ್ಲ. ಎರಡು ಸಲ ಹುಡುಕಿದೆ. ನಮ್ಮವ್ವ ಕಣ್ಣು ಒರೆಸಿದ ಆ ಬ್ಯಾನಿಯ ಹೆಸರು ಇಷ್ಟು ಜೀವಗಳಲ್ಲಿ ಒಂದಕ್ಕೂ ಗೊತ್ತಿಲ್ಲ. ಕಾಗದದಲ್ಲಿ ಬರೆದದ್ದನ್ನು ನಾನು ನಂಬಿರಲಿಲ್ಲ. ಅಂದು ಕಣ್ಣಾರೆ ನೋಡಿದೆ.

ಬಸ್ಸಿನಲ್ಲಿ ಬರುವಾಗ ಯೋಚನೆ ಮಾಡಿದೆ. ಹಳೆಯ ಲಸಿಕೆಯ ದನಗಳು ಮುದಿಯಾಗಿವೆ. ಅವು ಹೋದ ಮೇಲೆ ಈ ಸೀಮೆಯಲ್ಲಿ ಆ ಬ್ಯಾನಿಯ ಗುರುತು ಉಳಿಯುವುದು ನನ್ನ ನಲವತ್ತು ಕರುಗಳ ರಕ್ತದಲ್ಲಿ. ಅವೂ ಹೋದ ಮೇಲೆ ನನ್ನಂಥ ನಾಲ್ಕು ಮುದುಕರ ತಲೆಯಲ್ಲಿ. ಹಾಗೇ ಮುಗಿದುಹೋಗಲಿ.

ಮೊನ್ನೆ ಬೆಳ್ಳಿ ಈಯಿತು, ಹೆಣ್ಣುಗರು. ನೋಡಲು ಹೋಗಿದ್ದೆ. ಶಿವವ್ವ ಗಿಣ್ಣ ಕೊಟ್ಟಳು. ಆ ಸೂಜಿ ಬಲದ್ದಲ್ಲ ಎಂದು ಓಣಿಗೆಲ್ಲ ಹೇಳಿ ತಪ್ಪು ಒಪ್ಪಿಕೊಂಡಿದ್ದೇನೆ, ಆದರೂ ಅವಳಿಗೆ ನನ್ನ ಮೇಲೆ ಸಿಟ್ಟಿಲ್ಲ. ಕರುವನ್ನು ನನ್ನ ಮುಂದೆ ತಂದು ನಿಲ್ಲಿಸಿ, “ಇದಕ್ಕೂ ತಾಯಿಗೆ ಹಾಕಿದ ಸೂಜಿ ಹಾಕ್ರಿ. ಯಾರಿಗೂ ಹೇಳಂಗಿಲ್ಲ” ಎಂದಳು.

“ಬ್ಯಾಡವ್ವಾ,” ಎಂದೆ. “ಆ ಬ್ಯಾನಿ ಹೋಗೇತಿ.”

ನನ್ನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಹೇಳಿದ ಮೇಲೆ ಅಲ್ಲೇ ಕಟ್ಟೆಯ ಮೇಲೆ ಕೂತೆ. ಕರು ಬಂದು ನನ್ನ ಕೈ ನೆಕ್ಕಿತು.

ನಿನ್ನ ಕಾಕಾ,
ಬೀರಸಿದ್ದಪ್ಪ